ತೊಳೆದು ಕುಡಿದ ತಾಟು

ಖಾನಾಪುರದ ಚನ್ನಬಸಯ್ಯನ ಮನೆಯಲ್ಲಿ ಉಂಡ ತಾಟಿನೊಳಗೆ ಒಂದು ಅಗುಳು ಉಳಿಯುವ ಹಾಗಿರಲಿಲ್ಲ. ಅಗುಳಿನ ಮಾತು ಬಿಡಿ, ಬೇಳೆಯ ಅರಿಶಿನ ಕೂಡ ಅಂಟಿಕೊಂಡಿರಬಾರದು. ಊಟವಾದ ಮೇಲೆ ತಾಟಿಗೆ ನೀರು ಸುರಿದು, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ತಾಟಿಗೆ ಬಿದ್ದದ್ದು ಬರೀ ಅನ್ನವಲ್ಲ, ಪ್ರಸಾದ. ಪ್ರಸಾದ ಮೋರಿಗೆ ಹೋಗಬಾರದು. ಹಲವು ತಲೆಮಾರುಗಳಿಂದ ಆ ಮನೆತನದಲ್ಲಿ ನಡೆದುಬಂದ ರೀತಿ ಇದು. ಸ್ಟೇಷನ್ ರಸ್ತೆಯಲ್ಲಿ ಕಿರಾಣಿ ಅಂಗಡಿ ನಡೆಸುವ ಚನ್ನಬಸಯ್ಯ ಹುಟ್ಟಿನಿಂದ ಜಂಗಮ, ಊರಿಗೆಲ್ಲ ಅಯ್ಯನೋರು. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಹೋಗುವುದು ಉಂಡೆದ್ದವರ ತಾಟಿನ ಮೇಲೆ.

ಅವನ ತಂಗಿ ಮಾಲಾ ಮದುವೆಯಾಗಿ ಬೆಳಗಾವಿಯ ಸದಾಶಿವನಗರಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದವು. ತವರಿನಿಂದ ತಂದ ಪಾತ್ರೆಗಳೆಲ್ಲ ಸವೆದುಹೋದವು, ತಾಟು ತೊಳೆದು ಕುಡಿಯುವ ರೂಢಿ ಮಾತ್ರ ಸವೆಯಲಿಲ್ಲ. ಗಂಡ ಗೌರೀಶ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತ ವಾರಕ್ಕೊಮ್ಮೆ ಮನೆಗೆ ಬರುವವನು. ಮಕ್ಕಳಿರಲಿಲ್ಲ. ಹೀಗಾಗಿ ಅಣ್ಣನ ಮಗಳು ಮೇಘಾ ಪಿಯುಸಿ ಓದಲೆಂದು ತನ್ನ ಮನೆಗೆ ಬಂದು ಇರುತ್ತಾಳೆಂದಾಗ ಮಾಲಾಳ ಕಾಲು ನೆಲಕ್ಕೆ ಹತ್ತಲಿಲ್ಲ. ಹುಡುಗಿಯಾದರೂ ಎಂಥವಳು! ಬಾಜೂ ಮನೆಯ ಮಕ್ಕಳು ಅರ್ಧ ದೋಸೆ ಬಿಟ್ಟೆದ್ದು ಮೊಬೈಲು ಹಿಡಿದರೆ, ಮೇಘಾ ಹಾಕಿದ್ದನ್ನೆಲ್ಲ ಉಂಡು, ತಾಟು ತೊಳೆದು ಕುಡಿದು, ಕನ್ನಡಿಯಂತೆ ಹೊಳೆಯುವ ತಾಟನ್ನು ಅತ್ತೆಯ ಕೈಗೆ ಕೊಡುವಳು. ಮಾಲಾ ಓಣಿಯ ಹೆಂಗಸರ ಮುಂದೆ ಇದನ್ನು ಹೇಳಿಕೊಂಡದ್ದೇ ಹೇಳಿಕೊಂಡದ್ದು.

ಬಂದ ಹೊಸದರಲ್ಲಿ ಮೇಘಾ ಮೈತುಂಬಿಕೊಂಡ ಹುಡುಗಿ. ಅವಳ ಆಯಿ, ಅಂದರೆ ಅಜ್ಜಿ ಬಾಳವ್ವ, ಕರೆಯುತ್ತಿದ್ದದ್ದೇ ಗುಂಡವ್ವ ಎಂದು. ಕಾಲೇಜಿನ ಸೀರೆ ದಿನಕ್ಕೆ ಮಾಲಾ ತನ್ನ ಇಳಕಲ್ ಸೀರೆ ಉಡಿಸಲು ಹೋದಾಗ ಕುಪ್ಪಸದ ಹುಕ್ಕು ಹತ್ತಲಿಲ್ಲ. "ಖಾನಾಪುರದ ತುಪ್ಪ ಎಲ್ಲೆಲ್ಲಿ ಹೋಗಿ ಕುಂತೈತಿ ನೋಡ್ರೆವಾ," ಎಂದು ಮಾಲಾ ನಕ್ಕಳು. ಅಲ್ಲಿದ್ದ ಗೆಳತಿಯರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೇಘಾ.

ಮರುವರ್ಷ ದೀಪಾವಳಿಯ ಹೊತ್ತಿಗೆ ಅದೇ ಕುಪ್ಪಸ ಅವಳ ಮೈಮೇಲೆ ಜೋತಾಡುತ್ತಿತ್ತು. ಕಂಡವರೆಲ್ಲ ಹೊಗಳುವವರೇ. ಎದುರು ಮನೆಯ ಮರಾಠಿ ಅಜ್ಜಿ ಗಲ್ಲ ಹಿಡಿದು, "ಕಿತಿ ಛಾನ ದಿಸತೇಸ ಗ," ಎಷ್ಟು ಚಂದ ಕಾಣುತ್ತೀಯೇ, ಎಂದಳು. ಮಾಲಾ ಉಬ್ಬಿಹೋದಳು. ಹುಡುಗಿ ಚೆನ್ನಾಗಿ ಉಣ್ಣುತ್ತಾಳೆ, ಆದರೂ ಮೈ ಇಳಿದಿದೆ, ಇನ್ನೇನು ಬೇಕು? ತಣ್ಣನೆಯ ನೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದಳು, ಪೇಸ್ಟು ಬದಲಿಸಿದರಾಯಿತು. ಗಲ್ಲದ ಕೆಳಗೆ ಊದಿಕೊಂಡಿದೆ, ಇರಲಿ, ಮುಖಕ್ಕೆ ಕಳೆ ಬಂದಿದೆ. ಬಾಳವ್ವ ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿ ಒಂದೇ ಮಧ್ಯಾಹ್ನ ಖಾಲಿಯಾಯಿತು, ಬೆಳೆಯುವ ಹುಡುಗಿಯ ಹಸಿವು. ಊಟವಾದೊಡನೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇರುತ್ತಾಳೆ, ಶುಚಿತ್ವ ಅಂದರೆ ಹೀಗಿರಬೇಕು. ಕಣ್ಣೆದುರಿಗೆ ಹೊಳೆಯುವ ತಾಟು ಇರುವಾಗ ಮಾಲಾ ಬೇರೇನನ್ನು ಅನುಮಾನಿಸಿಯಾಳು? ಉಂಡಿದ್ದಾಳೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಆ ಮನೆತನದವರಿಗೆ ಗೊತ್ತಿರಲಿಲ್ಲ.

ಗೌರೀಶ ಬಾರದ ಒಂದು ರವಿವಾರ ಮಧ್ಯಾಹ್ನ ಮಾಳಿಗೆಯ ಮೇಲಿನ ಟಾಕಿಯ ನೀರು ತೀರಿತು. ಮಾಲಾ ಅಡುಗೆಮನೆಯಲ್ಲಿ ಭಾಂಡೆ ಒರೆಸುತ್ತಿದ್ದಳು. ಬಚ್ಚಲಲ್ಲಿ ಜೋರಾಗಿ ಬೀಳುತ್ತಿದ್ದ ನಲ್ಲಿ ಗೊರಗೊರ ಎಂದು ಉಸಿರೆಳೆದು ನಿಂತುಹೋಯಿತು. ಆಗ ಅದರ ಹಿಂದೆ ಅಡಗಿದ್ದ ಸದ್ದು ಕೇಳಿಸಿತು. ಯಾರೋ ಗಂಟಲು ಹಿಚುಕಿಕೊಂಡು ಕಾರಿಕೊಳ್ಳುವ ಸದ್ದು. ಒಮ್ಮೆ, ಮತ್ತೊಮ್ಮೆ. ಆಮೇಲೆ, ನೀರು ನಿಂತದ್ದು ಆಗಷ್ಟೇ ಒಳಗಿದ್ದವಳ ಲಕ್ಷ್ಯಕ್ಕೆ ಬಂದಂತೆ, ಎಲ್ಲ ಸ್ತಬ್ಧವಾಯಿತು.

ಮಾಲಾ ಕೈಯಲ್ಲಿದ್ದ ತಾಟು ಹಾಗೇ ಹಿಡಿದು ನಿಂತಳು. ಆ ಸದ್ದಿಗಿಂತ ಅದರ ನಂತರದ ಮೌನಕ್ಕೇ ಅವಳಿಗೆ ಹೆಚ್ಚು ಅಂಜಿಕೆಯಾಯಿತು. ಜಡ್ಡಾದವರು ನರಳುತ್ತಾರೆ, ಕರೆಯುತ್ತಾರೆ. ಹೀಗೆ ಕಳ್ಳರಂತೆ ಉಸಿರು ಬಿಗಿಹಿಡಿಯುವುದಿಲ್ಲ.

ಬಾಗಿಲು ತೆರೆಯಿತು. ಮೇಘಾಳ ಕಣ್ಣು ಕೆಂಪಗಿದ್ದವು, ತುಟಿಯ ಮೇಲೆ ಮಾತ್ರ ನಗೆ. "ಪಿತ್ತ ಆಗಿತ್ತು ಅತ್ತಿ. ಏನಿಲ್ಲ, ಹೆದರಬ್ಯಾಡ."

ಮಾಲಾ ನಿಂಬೆ ಶರಬತ್ತು ಮಾಡಿಕೊಟ್ಟಳು, ನಂಬಿದವಳಂತೆ ನಟಿಸಿದಳು. ಮರುದಿನ ಊಟವಾದ ಮೇಲೆ ಬಚ್ಚಲ ಬಾಗಿಲಿಗೆ ಕಿವಿ ಹಚ್ಚಿ ನಿಂತಳು. ಅದರ ಮರುದಿನವೂ ನಿಂತಳು. ಮೂರನೆಯ ದಿನ ಮೇಘಾ ಹೊರಗೆ ಬಂದಾಗ ಕೈ ಹಿಡಿದು ಮಂಚದ ಮೇಲೆ ಕೂಡಿಸಿದಳು. ಹಿಡಿದ ಬಲಗೈಯ ಗೆಣ್ಣಿನ ಮೇಲೆ ಹಲ್ಲು ತಾಗಿ ಗಟ್ಟಿಯಾದ ಗಾಯಗಳಿದ್ದವು. ಇಷ್ಟು ದಿನ ಅದೇ ಕೈಯಿಂದಲೇ ತಾಟು ಇಸಿದುಕೊಂಡಿದ್ದಳು.

"ಮೇಘಾ, ಖರೇ ಹೇಳು. ಉಂಡದ್ದೆಲ್ಲಾ ಕಾರ್ಕೋತೀಯೇನು?"

ಹುಡುಗಿ ಕೈ ಬಿಡಿಸಿಕೊಂಡಳು. ಮಾತಾಡಿದಾಗ ದನಿಯಲ್ಲಿ ಅಳು ಇರಲಿಲ್ಲ, ಲೆಕ್ಕದ ಉತ್ತರ ಒಪ್ಪಿಸುವಂತಿತ್ತು. "ತಾಟಿನ್ಯಾಗ ಬಿಡಾಕ ಬರೂದಿಲ್ಲಲ್ಲ ಅತ್ತಿ. ಬಿಟ್ರ ಪ್ರಸಾದ ಬಿಟ್ಟಂಗ. ಹೊಟ್ಟಿಗಿ ಹ್ವಾದ ಮ್ಯಾಲ ಅದು ಪ್ರಸಾದ ಅಲ್ಲ. ಬರೇ ಕೊಬ್ಬು."

ಈ ಹುಡುಗಿ ತನ್ನ ಅಪ್ಪನ ಮಾತನ್ನು ಒಂದಿಷ್ಟೂ ಮೀರಿರಲಿಲ್ಲ. ಮೀರದಂತೆಯೇ ತನ್ನನ್ನು ತಾನು ಕೊಲ್ಲುವ ಹಾದಿ ಹುಡುಕಿಕೊಂಡಿದ್ದಳು.

"ನಾಳೆ ಬೆಳಗಿನ ಬಸ್ಸಿಗೆ ಖಾನಾಪುರಕ್ಕ ಹೋಗೂಣು. ಅಣ್ಣನ ಮುಂದ ಹೇಳೂಣು," ಎಂದಳು ಮಾಲಾ.

ಆ ಮಾತಿಗೆ ಹುಡುಗಿ ನಡುಗಿದ್ದು ನೋಡಲಾಗುವಂತಿರಲಿಲ್ಲ. "ಅಪ್ಪಗ ಬ್ಯಾಡ! ಪ್ರಸಾದ ಕಾರ್ಕೊಂಡಾಕಿ ಅಂತ ಜೀವ ಇರೂತನಾ ನನ್ನ ಮಾರಿ ನೋಡೂದಿಲ್ಲ ಅವ. ನಾನಽ ಬಿಡ್ತೀನಿ, ನಿನ್ನಾಣಿ ಬಿಡ್ತೀನಿ. ನೀ ಮಾತ್ರ ಯಾರಿಗೂ ಹೇಳೂದಿಲ್ಲಂತ ಲಿಂಗಾ ಮುಟ್ಟಿ ಹೇಳು." ಹಾಗೆನ್ನುತ್ತಲೇ ಮಾಲಾಳ ಕೈಯೆಳೆದು, ಅವಳ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯ ಮೇಲೆ ಇರಿಸಿದಳು. ಒಳಗೆ ಇಷ್ಟಲಿಂಗ. ಮಾಲಾ ಸಣ್ಣವಳಿದ್ದಾಗಿನಿಂದ ಅದರ ಮೇಲೆ ಒಂದು ಸುಳ್ಳು ಆಡಿದವಳಲ್ಲ.

"ಯಾರಿಗೂ ಹೇಳೂದಿಲ್ಲ," ಎಂದಳು.

ಅಂದಿನಿಂದ ಅವಳ ಬಾಳು ಕಾವಲುಗಾರನ ಬಾಳಾಯಿತು. ಬಚ್ಚಲಿನ ಒಳಚಿಲಕ ಬಿಚ್ಚಿಸಿದಳು. ತಾಟಿಗೆ ಕಡಿಮೆ ನೀಡಿದಳು. ಹುಡುಗಿ ಹಸಿವೆಯಾಗಿ ಬಿಸ್ಕೀಟು, ಬ್ರೆಡ್ಡು, ಹಸಿ ಅವಲಕ್ಕಿ, ಕೈಗೆ ಸಿಕ್ಕದ್ದನ್ನೆಲ್ಲ ಬಾಚಿ ತಿಂದಳು. ಹೆಚ್ಚು ನೀಡಿದರೆ ಮೇಘಾ ಗೆಳತಿಯ ಮನೆಗೆ ನೋಟ್ಸ್ ತರಲು ಹೋಗುತ್ತೇನೆಂದು ಉಂಡ ಬಾಯಲ್ಲೇ ಹೊರಟಳು. ಮಾಲಾ ಒಂದು ದಿನ ಬೈದಳು, ಒಂದು ದಿನ ಕಾಲು ಹಿಡಿದಳು. "ನೀ ಎಷ್ಟ ಚಂದ ಅದೀ ಅಂತ ನಿನಗ ಗೊತ್ತೈತೇನು?" ಎಂದು ರಟ್ಟೆ ಹಿಡಿದು ಕನ್ನಡಿಯ ಮುಂದೆ ನಿಲ್ಲಿಸಿದಳು. ಮೇಘಾ ಹೊಟ್ಟೆಯ ಬಳಿ ಬರೀ ಚರ್ಮವನ್ನು ಬೆರಳಲ್ಲಿ ಹಿಡಿದು ತೋರಿಸಿ, "ಇದು ನಿನಗ ಕಾಣಂಗಿಲ್ಲಾ?" ಎಂದು ನಿಜವಾದ ಆಶ್ಚರ್ಯದಿಂದ ಕೇಳಿದಳು. ಒಂದೇ ಕನ್ನಡಿಯಲ್ಲಿ ತಾನು ನೋಡುತ್ತಿರುವ ಹುಡುಗಿ ಬೇರೆ, ಅವಳಿಗೆ ಕಾಣುತ್ತಿರುವ ಹುಡುಗಿ ಬೇರೆ ಎಂದು ಮಾಲಾಗೆ ಆಗ ತಿಳಿಯಿತು.

ಮೊಬೈಲಿನಲ್ಲಿ ಹುಡುಕಿ ಓದಿದಳು. ಇಂಥವರ ಎದೆಬಡಿತ ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಬಿಡಬಹುದು ಎಂದಿತ್ತು. ಮುಂದೆ ಓದದೆ ಮೊಬೈಲು ಬೋರಲು ಹಾಕಿದಳು. ಆಮೇಲೆ ದಿನಾ ಬೆಳಗ್ಗೆ ಅಂಗಳಕ್ಕೆ ನೀರು ಹೊಡೆಯುವ ಮೊದಲು ಮೇಘಾಳ ಕೋಣೆಗೆ ಹೋಗಿ, ಹೊದಿಕೆ ಉಸಿರಿಗೆ ಏರಿಳಿಯುತ್ತಿದೆಯೇ ಎಂದು ನೋಡುವಳು. ಡಾಕ್ಟರ ಬಳಿ ಹೋಗೋಣವೆಂದರೆ ಹುಡುಗಿ ಒಲ್ಲೆನೆನ್ನುವಳು, ಗೌರೀಶನಿಗೆ ಹೇಳೋಣವೆಂದರೆ ನಾಲಿಗೆಯ ಮೇಲೆ ಆಣೆ. ಹೇಳಿದರೆ ಮಗು ಕೈ ತಪ್ಪುತ್ತದೆ, ಹೇಳದಿದ್ದರೆ ಜೀವ ತಪ್ಪುತ್ತದೆ. ಎರಡರ ನಡುವೆ ಮಾಲಾ ತಾನೇ ಸೊರಗಿದಳು. ಅವಳನ್ನು ಕಂಡವರೂ ಚಂದ ಆಗೀಯಲ್ಲ ಎಂದರು.

ಪುಷ್ಯ ಮಾಸದಲ್ಲಿ ಮಾಲಾಳ ತಂದೆಯ ಪುಣ್ಯಸ್ಮರಣೆ ಬಂತು. ಪರೀಕ್ಷೆ ಇದೆ, ಮೇಘಾ ಬರುವುದಿಲ್ಲ ಎಂದು ಮಾಲಾ ಫೋನಿನಲ್ಲಿ ಹೇಳಿನೋಡಿದಳು. "ಅಜ್ಜನ ದಿನಕ್ಕ ಮೊಮ್ಮಗಳು ಬರಲಿಲ್ಲಂದ್ರ ಮಂದಿ ಏನಂದಾರು? ಒಂದ ದಿನದಾಗ ಪರೀಕ್ಷಾ ಎಲ್ಲಿ ಓಡಿ ಹೋಗತೈತಿ?" ಎಂದ ಚನ್ನಬಸಯ್ಯ. ಖಾನಾಪುರದ ಬಸ್ಸಿನಲ್ಲಿ ಮೇಘಾ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ದಾರಿಯಲ್ಲಿ ಒಮ್ಮೆ ಮೀನಖಂಡ ಹಿಡಿದುಕೊಂಡು ಕಿರುಚಿದಳು. "ಕಾಲು ಸೆಟದೈತಿ ಅತ್ತಿ." ತಿಕ್ಕಲೆಂದು ಮುಟ್ಟಿದರೆ ಕಾಲು ತಣ್ಣಗೆ, ಕಟ್ಟಿಗೆಯಂತೆ ಗಟ್ಟಿ. ಇಳಿದು ತಿರುಗಿ ಬೆಳಗಾವಿಗೆ ಹೋಗಿಬಿಡೋಣವೇ ಎಂದು ಮಾಲಾಗೆ ಅನಿಸಿತು. ಅಷ್ಟರಲ್ಲಿ ಕಂಡಕ್ಟರು ಖಾನಾಪುರ, ಖಾನಾಪುರ ಎಂದು ಕೂಗಿದ.

ಮನೆ ತುಂಬ ಮಂದಿ. ಪಡಸಾಲೆಯಲ್ಲಿ ಸಾಲಾಗಿ ತಾಟು ಹಾಕಿದ್ದರು. ಮೇಘಾಳ ತಾಯಿ ಪ್ರಮಿಳಾ ಒಲೆಯ ಮುಂದೆ ಬೆವರಿಳಿಸುತ್ತಿದ್ದಳು. ಬಾಳವ್ವ ಮೊಮ್ಮಗಳ ಗಲ್ಲ ಸವರಿ, "ಮಾರಿ ದುಂಡಗಽ ಐತಿ, ಮೈ ಯಾಕ ಹಿಂಗ ಇಳದೈತಿ?" ಎಂದು ದಿಟ್ಟಿಸಿ ನೋಡಿದಳು. "ಓದು ಜಾಸ್ತಿ ಆಯಿ," ಎಂದಳು ಮೇಘಾ. ಬಡಿಸುವವನು ಸ್ವತಃ ಚನ್ನಬಸಯ್ಯ. ತುಪ್ಪ ತೇಲುವ ಗೋಧಿ ಹುಗ್ಗಿ, ಅದರ ಮೇಲೆ ಹೋಳಿಗೆ. ಮಗಳ ತಾಟಿನ ಮುಂದೆ ಬಂದಾಗ ಅವನ ಸೌಟು ಎರಡು ಸಲ ಇಳಿಯಿತು.

"ಅಣ್ಣಾ, ಸಾಕು. ಅಕಿಗೆ ಆರಾಮಿಲ್ಲ," ಎಂದಳು ಪಕ್ಕದಲ್ಲಿ ಕೂತಿದ್ದ ಮಾಲಾ.

"ಪ್ರಸಾದಕ್ಕ ಸಾಕು ಅನಬಾರದವ್ವಾ," ಎಂದು ನಕ್ಕು ಅವನು ಮೂರನೆಯ ಸೌಟೂ ಹಾಕಿದ. ಎದುರು ಸಾಲಿನವರ ಕಡೆಗೆ ತಿರುಗಿ, "ಬೆಳಗಾವಿಗೆ ಹ್ವಾದ್ರೂ ನಮ್ಮ ಮೇಘಾ ತಾಟಿನ್ಯಾಗ ಬಿಡೂ ಪೈಕಿ ಅಲ್ರಿ," ಎಂದ.

ಎಲ್ಲರ ಕಣ್ಣೂ ಹುಡುಗಿಯ ತಾಟಿನ ಮೇಲೆ. ಮೇಘಾ ಉಂಡಳು. ತಲೆ ಎತ್ತದೆ, ಒಂದೇ ಸಮನೆ, ಯಾರೋ ಬೆನ್ನಟ್ಟಿ ಬರುತ್ತಿರುವ ಹಾಗೆ ಉಂಡಳು. ತಾಟು ತೊಳೆದಳು, ಕುಡಿದಳು. ಚನ್ನಬಸಯ್ಯನ ಮುಖ ಅರಳಿತು. ಮೇಘಾ ಎದ್ದು ಹಿತ್ತಲ ಬಾಗಿಲು ದಾಟಿದಳು.

ಅವಳ ಹಿಂದೆಯೇ ಏಳಬೇಕೆಂದು ಮಾಲಾ ಕಾಲು ಮಡಿಚಿದಳು. ಕೆಳಗೆ ನೋಡಿದರೆ ತನ್ನ ತಾಟಿನಲ್ಲಿ ಇನ್ನೂ ಅರ್ಧ ಹುಗ್ಗಿ, ಒಂದು ಹೋಳಿಗೆ. ಮೈಯಲ್ಲಿನ ರಕ್ತವೆಲ್ಲ ಓಡು ಓಡು ಎನ್ನುತ್ತಿತ್ತು, ಆದರೆ ಹುಟ್ಟಿದಾಗಿನಿಂದ ಕಲಿತ ಮೈ ತಾಟು ಬಿಟ್ಟು ಏಳಲಿಲ್ಲ. ಅವಳು ಗಬಗಬ ನುಂಗತೊಡಗಿದಳು. ಹೋಳಿಗೆ ಗಂಟಲಲ್ಲಿ ಸಿಕ್ಕಿತು, ನೀರು ಕುಡಿದು ಇಳಿಸಿದಳು. ತಾಟಿಗೆ ನೀರು ಹಾಕಿದಳು, ತೊಳೆದಳು, ಕುಡಿದಳು. ಆಮೇಲೆ ಎದ್ದು ಓಡಿದಳು.

ಹಿತ್ತಲಿನ ಬಚ್ಚಲ ಬಾಗಿಲು ಒಳಗಿನಿಂದ ಹಾಕಿತ್ತು. "ಮೇಘಾ." ಉತ್ತರವಿಲ್ಲ. "ಮೇಘಾ, ನಾ ಬೈಯೂದಿಲ್ಲ, ಬಾಗಲಾ ತಗಿ." ಕಾರುವ ಸದ್ದಾದರೂ ಕೇಳಬಾರದೇ ಎಂದು ಮಾಲಾ ಬಾಗಿಲಿಗೆ ಕಿವಿಯಿಟ್ಟಳು. ಏನೂ ಇಲ್ಲ. ಇಷ್ಟು ತಿಂಗಳು ಯಾವ ಸದ್ದಿಗೆ ಹೆದರಿದ್ದಳೋ ಅದೇ ಸದ್ದಿಗಾಗಿ ಈಗ ಹರಕೆ ಹೊರುವಂತಾಗಿತ್ತು. ಅವಳು ಕಿರುಚಿದ ದನಿಗೆ ಪಡಸಾಲೆಯ ಮಂದಿಯೆಲ್ಲ ಎದ್ದು ಬಂದರು. ಚನ್ನಬಸಯ್ಯ ಹೆಗಲು ಕೊಟ್ಟು ನೂಕಿದಾಗ ಹಳೆಯ ಚಿಲಕ ಕಿತ್ತು ಬಂತು.

ಹುಡುಗಿ ನೆಲದ ಮೇಲೆ ಮುದುಡಿ ಬಿದ್ದಿದ್ದಳು. ಎರಡೂ ಕೈಯ ಬೆರಳು ಒಳಕ್ಕೆ ಮಡಚಿ ಸೆಟೆದುಕೊಂಡಿದ್ದವು, ತುಟಿ ನೀಲಿ. ಮಾಲಾ ಎದೆಯ ಮೇಲೆ ಕೈಯಿಟ್ಟಳು. ಬಡಿತ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಂತು ಯೋಚಿಸುತ್ತಿತ್ತು.

ಬಾಜೂ ಮನೆಯ ಈರಯ್ಯನ ಕಾರಿನಲ್ಲಿ ಊರಿನ ದವಾಖಾನೆಗೆ ಒಯ್ದರು. ಡಾಕ್ಟರು ಎಳೆಯ ವಯಸ್ಸಿನವನು. ನಾಡಿ ಹಿಡಿದುಕೊಂಡೇ ಕೇಳಿದ, "ಮೊದಲಿಂದ ವಾಂತಿ ಆಗೂದು ಏನರ ಇತ್ತೇನ್ರಿ?"

"ಇಲ್ರಿ ಸಾಹೇಬ್ರ," ಎಂದ ಚನ್ನಬಸಯ್ಯ. ಗಾಬರಿಯಲ್ಲೂ ಅವನ ದನಿಯಲ್ಲಿ ಒಂದು ಖಾತ್ರಿ ಇತ್ತು. "ಹುಗ್ಗಿ ಜಡ ಆಗಿರಬೇಕು. ಊಟಕ್ಕೇನೂ ಕಮ್ಮಿ ಇಲ್ರಿ, ಇವತ್ತೂ ತಾಟು ತೊಳದು ಕುಡದಾಳ."

ಮೇಘಾ ಅರೆಗಣ್ಣು ತೆರೆದು ಮಾಲಾಳನ್ನೇ ನೋಡುತ್ತಿದ್ದಳು. ಆ ನೋಟ ಬೇಡುತ್ತಿತ್ತು. ಮಾಲಾಳ ಕೈ ತಾನಾಗಿ ಕೊರಳ ಕರಡಿಗೆಗೆ ಹೋಯಿತು. ಲಿಂಗಕ್ಕೆ ತಪ್ಪಿದವಳಾಗುತ್ತೇನೆ, ಈ ಮಗು ಇನ್ನೆಂದೂ ನನ್ನನ್ನು ನಂಬುವುದಿಲ್ಲ, ಎರಡೂ ಒಟ್ಟಿಗೆ ಹೊಳೆದವು. ನಂಬುವುದಕ್ಕಾದರೂ ಅದು ಬದುಕಬೇಕಲ್ಲ.

"ಡಾಕ್ಟರ, ಅಕಿ ಕಾರ್ಕೋತಾಳ್ರಿ. ಉಂಡದ್ದೆಲ್ಲಾ, ಗಂಟಲಾಗ ಬೆರಳ ಹಾಕ್ಕೊಂಡು. ಭಾಳ ತಿಂಗಳಾತು, ದಿನಾ. ನನಗ ಗೊತ್ತಿತ್ತು."

ಡಾಕ್ಟರು ನರ್ಸನ್ನು ಕೂಗಿ ಇಸಿಜಿ ತರಿಸಿದ. ಪಟ್ಟಿಯ ಮೇಲಿನ ಗೆರೆ ನೋಡುತ್ತ ಅವನ ಮುಖ ಬಿಗಿಯಿತು. "ಚಲೋ ಆತು ಹೇಳಿದ್ದು. ಬರೇ ಅಜೀರ್ಣ ಅಂತ ತಿಳಕೊಂಡು ಕುಂದರ್ತಿದ್ವಿ. ರಕ್ತದಾಗ ಪೊಟ್ಯಾಸಿಯಂ ಇಳದೈತಿ ಅನಸತೈತಿ, ಎದಿ ತಾಳ ತಪ್ಪಾಕತ್ತೈತಿ. ಈಗಿಂದೀಗ ಬೆಳಗಾವಿಗೆ ಒಯ್ಯಬೇಕ್ರಿ."

ಅಂಬ್ಯುಲೆನ್ಸಿನಲ್ಲಿ ಮಾಲಾ ಮೇಘಾಳ ತಲೆಯ ಬಳಿ ಕೂತಳು, ಪ್ರಮಿಳಾ ಕಾಲಬಳಿ. ಸಲೈನು ಹನಿಯುತ್ತಿತ್ತು. ಯಂತ್ರ ಟಿಂವ್ ಟಿಂವ್ ಎನ್ನುತ್ತಿತ್ತು, ನಡುನಡುವೆ ಸದ್ದು ತಡವಾದಾಗ ಪ್ರಮಿಳಾ ಕಣ್ಣು ಮುಚ್ಚಿಕೊಳ್ಳುವಳು. ಮೇಘಾ ತುಟಿ ಅಲುಗಿಸಿದಳು. ಮಾಲಾ ಬಗ್ಗಿದಳು.

"ಲಿಂಗಾ ಮುಟ್ಟಿದ್ದಿ ಅತ್ತಿ."

"ಮುಟ್ಟಿದ್ನೆವಾ. ನನ್ನ ಬೈ, ಹೊಡಿ, ಏನರ ಮಾಡು. ಬೈಯಾಕರೆ ಇರು."

ಹುಡುಗಿ ಮುಖ ಆಚೆ ತಿರುಗಿಸಿದಳು. ಬೆಳಗಾವಿ ಬರುವವರೆಗೂ ಈಚೆ ತಿರುಗಲಿಲ್ಲ.

ದೊಡ್ಡ ದವಾಖಾನೆಯ ಐಸಿಯುವಿನ ಹೊರಗೆ ಬಾಕಿನ ಮೇಲೆ ಚನ್ನಬಸಯ್ಯ ಕೂತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಅವನು ಆಡಿದ ಮೊದಲ ಮಾತು, "ಪ್ರಸಾದ ಕಾರ್ಕೋತಿದ್ಲಾ?"

ಮಾಲಾಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಅಣ್ಣನೆದುರು ದನಿಯೆತ್ತಿ ಮಾತಾಡಿದವಳಲ್ಲ. "ಅಣ್ಣಾ, ನಿನ್ನ ಮಗಳ ಎದಿ ನಿಲ್ಲಾಕತ್ತಿತ್ತು. ನಿನಗ ಇನ್ನೂ ತಾಟಽ ಕಾಣತೈತೇನು?" ಎಂದವಳು, ಅವನು ಬಾಯಿ ತೆರೆಯುವ ಮೊದಲೇ ಕುಸಿದು ಪಕ್ಕದಲ್ಲಿ ಕೂತಳು. "ನಾನರೆ ಏನು ಮಾಡೀನಿ? ಅಕಿ ಹಿತ್ತಲಕ್ಕ ಹ್ವಾದಾಗ ನನಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ನನ್ನ ತಾಟು ಬರಿದಾಗೂತನಾ ಎದ್ದಿಲ್ಲ. ಹೋಳಿಗಿ ತಿಂದು, ತಾಟು ತೊಳದು ಕುಡದು ಆಮ್ಯಾಲ ಹ್ವಾದೆ."

ಚನ್ನಬಸಯ್ಯ ತಂಗಿಯನ್ನು ನೋಡಿದ. ಪ್ರಸಾದದ ಮಾತನ್ನು ಆ ದಿನ ಮತ್ತೆ ಎತ್ತಲಿಲ್ಲ.

ಎರಡು ದಿನ ಮೇಘಾಳ ಎದೆ ಇವತ್ತೋ ನಾಳೆಯೋ ಎಂಬಂತಿತ್ತು. ಮೂರನೆಯ ದಿನ ತಾಳ ಹಿಡಿಯಿತು. ಆಮೇಲೆ ಮನೋರೋಗದ ಡಾಕ್ಟರು ರೂಪಾಲಿ ಎಂಬಾಕೆ ಬಂದು ಹುಡುಗಿಯ ಜೊತೆ ಒಬ್ಬಳೇ ಕೂತು ಮಾತಾಡಿದಳು, ನಂತರ ಇವರನ್ನು ಒಳಗೆ ಕರೆದಳು. ಮನೆಮಾತು ಮರಾಠಿಯಾದರೂ ಕನ್ನಡ ನೆಟ್ಟಗಿತ್ತು.

"ಇದು ಹಟ ಅಲ್ರಿ, ಶೋಕೀನೂ ಅಲ್ಲ. ಬುಲಿಮಿಯಾ ಅಂತ, ಜಡ್ಡು. ಯಾರ ಮಾತಿನಿಂದ ಬಂತು ಅಂತ ಹುಡಕ್ಕೋಂತ ಕುಂದರಬ್ಯಾಡ್ರಿ, ಒಂದಽ ಮಾತಿನಿಂದ ಬರೂದಲ್ಲ ಅದು. ಆದ್ರ ಇನ್ನ ಮ್ಯಾಲ ದಪ್ಪ, ತೆಳ್ಳಗ, ಚಂದ, ಈ ಮಾತೆಲ್ಲಾ ಮನಿಯಾಗ ಬಂದ್ ಮಾಡ್ರಿ. ಹೊಗಳೂದೂ ಬ್ಯಾಡ."

"ಕಾವಲಿ ಕಾಯಬೇಕೇನ್ರಿ?" ಎಂದು ಕೇಳಿದಳು ಮಾಲಾ.

"ಪೊಲೀಸರಂಗ ಬಚ್ಚಲ ಮುಂದ ನಿಂತ್ರ ಅಕಿ ಇನ್ನಷ್ಟು ಅಡಗಿಸ್ತಾಳ. ಉಂಡ ಮ್ಯಾಲ ಬಾಜೂಕ ಕುಂದರ್ರಿ. ಇಸ್ಪೀಟ ಆಡ್ರಿ, ಟಿವಿ ನೋಡ್ರಿ. ಮನಸು ಎಳಿಯೂ ಹೊತ್ತು ಅದು, ಅದನ್ನ ದಾಟಸಬೇಕು. ವಾರಕ್ಕೊಮ್ಮೆ ನನ್ನ ಕಡೆ ಕರಕೊಂಡು ಬರ್ರಿ. ಲಗೂನ ಆರಾಮಾಗತೈತಿ ಅಂತ ಹೇಳಾಕ ಬರೂದಿಲ್ರಿ, ತಿರುಗಿ ಬರಬಹುದು." ಆಕೆ ಒಂದು ಕ್ಷಣ ತಡೆದು ಚನ್ನಬಸಯ್ಯನನ್ನು ನೋಡಿದಳು. "ಇನ್ನೊಂದು ಮಾತು. ಅಕಿಗೆ ತಾಟಿನ್ಯಾಗ ಬಿಡಾಕ ಬಿಡ್ರಿ."

"ಅದು ಪ್ರಸಾದ ರೀ ಡಾಕ್ಟರ," ಎಂದ ಚನ್ನಬಸಯ್ಯ. ವಾದಕ್ಕಲ್ಲ. ಬೇರೆ ಮಾತು ಅವನಿಗೆ ಗೊತ್ತಿರಲಿಲ್ಲ.

"ಹೌದ್ರಿ. ಅಕಿಗೂ ಅದಽ ಅಂಜಿಕಿ. ಸಾಕು ಅನ್ನೂದು ಅಕಿಗೆ ಬರಂಗಿಲ್ಲ."

ಚನ್ನಬಸಯ್ಯ ತಲೆ ತಗ್ಗಿಸಿದ. ಪ್ರಮಿಳಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಕೊನೆಗೆ ಅವನು, "ಬಿಡಲಿ," ಎಂದ. "ಅಕಿ ಬಿಟ್ಟದ್ದು ನಾ ಉಣ್ತೀನಿ."

ಹುಡುಗಿಯನ್ನು ಸದಾಶಿವನಗರದ ಮನೆಗೇ ಕರೆತಂದರು. ಡಾಕ್ಟರು ಹತ್ತಿರ, ಕಾಲೇಜು ಹತ್ತಿರ. ಚನ್ನಬಸಯ್ಯ ಅಂಗಡಿಯನ್ನು ಆಳಿನ ಕೈಗೆ ಒಪ್ಪಿಸಿ ಪ್ರಮಿಳಾಳೊಂದಿಗೆ ಇಲ್ಲಿಯೇ ಉಳಿದ. ಮೇಘಾ ಅಪ್ಪನ ಜೊತೆ ಅಷ್ಟಿಷ್ಟು ಮಾತಾಡುವಳು, ಅವ್ವನ ಮಡಿಲಲ್ಲಿ ಮಲಗುವಳು. ಮಾಲಾಳ ಜೊತೆ ಮಾತ್ರ ಒಂದು ಮಾತಿಲ್ಲ. ನೀರು ಬೇಕಾದರೆ ತಾನೇ ಎದ್ದು ತಂದುಕೊಳ್ಳುವಳು. ಮಾಲಾ ಎದುರು ಬಂದರೆ ಗೋಡೆಯ ಕಡೆ ನೋಡುವಳು. ಬದುಕಿದೆಯಲ್ಲ, ಅಷ್ಟು ಸಾಕು ಎಂದು ಮಾಲಾ ತನಗೆ ತಾನೇ ಹೇಳಿಕೊಳ್ಳುವಳು. ಹೇಳಿಕೊಂಡಷ್ಟೂ ಅದು ಸಾಕೆನಿಸುತ್ತಿರಲಿಲ್ಲ. ಬೆಳಗ್ಗೆ ಹೊದಿಕೆ ನೋಡುವುದನ್ನು ಅವಳಿನ್ನೂ ಬಿಟ್ಟಿರಲಿಲ್ಲ.

ಮೊದಲ ದಿನಗಳಲ್ಲಿ ಮೇಘಾ ತಾಟಿನಲ್ಲಿ ಬಿಡಲಾರದೆ ಒದ್ದಾಡಿದಳು. ಬಿಡುತ್ತೇನೆಂದು ಕೈ ತೆಗೆಯುವಳು, ಅಪ್ಪನ ಮುಖ ನೋಡಿ ಮತ್ತೆ ತುತ್ತು ಹಿಡಿಯುವಳು. ಎರಡು ಸಲ ಕಾರಿಕೊಂಡಳು ಕೂಡ. ತಾನೇ ಡಾಕ್ಟರಿಗೆ ಹೇಳಿದಳು. ಒಂದು ಮಧ್ಯಾಹ್ನ ಅರ್ಧ ರೊಟ್ಟಿ, ಒಂದಿಷ್ಟು ಪಲ್ಯ ಬಿಟ್ಟು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಅಪ್ಪಾ, ಸಾಕು," ಎಂದಳು. ಚನ್ನಬಸಯ್ಯ ಮಗಳ ತಾಟನ್ನು ತನ್ನ ಕಡೆಗೆ ಎಳೆದುಕೊಂಡು ಆ ರೊಟ್ಟಿ ಮುರಿದು ಉಂಡ. ಊರಿನ ಅಯ್ಯನೋರು ಮಗಳ ಎಂಜಲು ಉಣ್ಣುವುದನ್ನು ಪ್ರಮಿಳಾ ಬಾಗಿಲಲ್ಲಿ ನಿಂತು ನೋಡಿದಳು.

ಆಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ಚನ್ನಬಸಯ್ಯ ಇಸ್ಪೀಟು ಹಂಚಿದ. ಪ್ರಮಿಳಾ ಎಲೆ ಹಿಡಿಯಲೂ ಬಾರದವಳು, ಆದರೂ ಕೂತಿದ್ದಳು. ಮಾಲಾ ಸ್ವಲ್ಪ ದೂರ ಕುರ್ಚಿಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು, ಕಣ್ಣೆಲ್ಲ ಮೇಘಾಳ ಕೈಯ ಮೇಲೆ. ಆ ಕೈ ಒಂದೇ ಎಲೆಯನ್ನು ತೆಗೆಯುತ್ತಿತ್ತು, ಮತ್ತೆ ಸೇರಿಸುತ್ತಿತ್ತು. ಹಣೆಯಲ್ಲಿ ಬೆವರು. ಮೇಘಾ ಎಲೆಗಳನ್ನು ಕೆಳಗಿಟ್ಟು ಎದ್ದಳು. ಬಚ್ಚಲಿನ ಕಡೆ ನಾಲ್ಕು ಹೆಜ್ಜೆ ಇಟ್ಟಳು. ಚನ್ನಬಸಯ್ಯನ ಕೈಯ ಇಸ್ಪೀಟು ಅಲ್ಲೇ ನಿಂತಿತು. ಯಾರೂ ಏಳಲಿಲ್ಲ, ಬಚ್ಚಲ ಮುಂದೆ ಕಾವಲು ನಿಲ್ಲಬಾರದೆಂದು ಡಾಕ್ಟರು ಹೇಳಿದ್ದರು. ಮಾಲಾಗೆ ಖಾನಾಪುರದ ಹಿತ್ತಲು ಕಣ್ಣಿಗೆ ಕಟ್ಟಿತು. ಸೊಪ್ಪು ಹಿಡಿದೇ ಕೂತಳು.

ಮೇಘಾ ನಡುಮನೆಯಲ್ಲಿ ನಿಂತಳು. ಎಷ್ಟೋ ಹೊತ್ತು ಆಚೆಗೂ ಹೋಗಲಿಲ್ಲ, ಈಚೆಗೂ ಬರಲಿಲ್ಲ. ಆಮೇಲೆ ತಿರುಗಿ ಬಂದು, ಅಪ್ಪನನ್ನೂ ಅವ್ವನನ್ನೂ ದಾಟಿ, ಮಾಲಾಳ ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತಳು. ಮುಖ ಎತ್ತಲಿಲ್ಲ.

"ಅತ್ತಿ, ನನಗ ಹೋಗಬೇಕನಸಾಕತ್ತೈತಿ. ಭಾಳ ಅನಸಾಕತ್ತೈತಿ." ಅವಳು ಕೈ ಮುಂದೆ ಚಾಚಿದಳು. "ಹಿಡಕೋ. ನಾ ಬಿಡು ಅಂದ್ರೂ ಬಿಡಬ್ಯಾಡ."

ಮಾಲಾ ಸೊಪ್ಪಿನ ಕೈಯಲ್ಲೇ ಹಿಡಿದಳು. ಹುಡುಗಿ ಒಮ್ಮೆ ಬಿಡು ಎಂದಳು, ಮತ್ತೊಮ್ಮೆ ಬಿಡು ಎಂದು ಅತ್ತಳು, ಉಗುರಿನಿಂದ ಚಿವುಟಿದಳು. ಮಾಲಾ ಬಿಡಲಿಲ್ಲ.